ಮನೆಯಿಂದ ಮಣ್ಣಿಗೆ ಎಷ್ಟು ತಾಸು

ಶಂಕರೆಪ್ಪನಿಗೆ ಅರವತ್ನಾಲ್ಕು ವರ್ಷ. ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆಯಲ್ಲಿ ಮನೆ. ಕಲ್ಯಾಣದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಬುಕಿಂಗ್ ಕ್ಲಾರ್ಕ್ ಆಗಿ ದುಡಿದು, ಮೊಣಕಾಲು ಸವೆಸಿಕೊಂಡು ಮನೆ ಸೇರಿದವನು. ನೌಕರಿ ಅವನನ್ನು ಬಿಟ್ಟಿತು, ನೌಕರಿಯಲ್ಲಿ ಅಂಟಿಕೊಂಡ ಒಂದು ಕೆಲಸ ಮಾತ್ರ ಬಿಡಲಿಲ್ಲ. ಊರ ಕಡೆ ಯಾರಾದರೂ ತೀರಿಕೊಂಡರೆ ಕಲ್ಯಾಣ, ದಿವಾ, ಉಲ್ಹಾಸನಗರದ ಕನ್ನಡದ ಮಂದಿ ಬಾಯಿಬಿಟ್ಟು ಅಳುವುದಕ್ಕೂ ಮುಂಚೆ ಶಂಕರೆಪ್ಪನಿಗೆ ಫೋನ್ ಹಚ್ಚುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಮಾತು.

“ಅಣ್ಣಾ, ಮಣ್ಣಿಗೆ ಎಷ್ಟೊತ್ತಿಗೆ ಮುಟ್ಟತೀವಿ?”

ಹೂಳುವುದಕ್ಕೆ ಆ ಕಡೆ ಮಣ್ಣು ಎನ್ನುತ್ತಾರೆ. ಮಣ್ಣು ಎಷ್ಟು ಗಂಟೆಗೆ ಎಂಬುದನ್ನು ಪಂಚಾಂಗ ನೋಡಿ ಗೊತ್ತು ಮಾಡುವುದಿಲ್ಲ, ದೂರದಿಂದ ಬರುವ ಹತ್ತಿರದವರನ್ನು ನೋಡಿ ಗೊತ್ತು ಮಾಡುತ್ತಾರೆ. ಮುಂಬಯಿಯಿಂದ ಮಗ ಬರಬೇಕು, ತಮ್ಮ ಬರಬೇಕು, ಮುಖ ನೋಡಬೇಕು, ಆಮೇಲೆಯೇ ಎತ್ತುವುದು. ಹೊತ್ತನ್ನು ಮುಂಚೆ ಹೇಳಿದರೆ ಮಗ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಡವಾಗಿ ಹೇಳಿದರೆ ಬಿಸಿಲಿಗೆ ಹೆಣ ಕೆಡುತ್ತದೆ, ಬಂದ ಬೀಗರೆಲ್ಲ ಉಪವಾಸ ಕೂರಬೇಕಾಗುತ್ತದೆ. ಇವೆರಡರ ನಡುವಿನ ಸರಿಯಾದ ಗಳಿಗೆಯನ್ನು ಹಿಡಿಯುವುದರಲ್ಲಿ ಶಂಕರೆಪ್ಪನನ್ನು ಮೀರಿಸಿದವರು ಯಾರೂ ಇರಲಿಲ್ಲ.

ಅವನ ಲೆಕ್ಕ ಸ್ಟೇಷನ್ನಿನಿಂದ ಸ್ಟೇಷನ್ನಿಗಲ್ಲ, ಮನೆಯ ಹೊಸ್ತಿಲಿನಿಂದ ಮಣ್ಣಿನವರೆಗೆ. ಫೋನ್ ಮಾಡಿದವರನ್ನು ಅವನು ವಕೀಲನಂತೆ ಕೇಳುತ್ತಿದ್ದ. ಎಷ್ಟನೇ ಮಾಳಿಗೆಯಿಂದ ಇಳಿಯಬೇಕು? ಜೊತೆಗೆ ಮುದುಕರು ಇದ್ದಾರೋ, ಕೂಸು ಇದೆಯೋ? ಕ್ರಾಸಿನಲ್ಲಿ ಇಳಿದ ಮೇಲೆ ಊರಿಗೆ ಟಂಟಂ ಸಿಗುತ್ತದೋ, ನಡೆಯಬೇಕೋ? ಹಳ್ಳಕ್ಕೆ ನೀರು ಬಂದಿದೆಯೋ? ಯಾವ ರೈಲು ಸೊಲ್ಲಾಪುರಕ್ಕೆ ಎಷ್ಟು ತಡವಾಗಿ ಹೋಗುತ್ತದೆ, ಯಾವ ಬಸ್ಸಿನವನು ಊಟಕ್ಕೆ ನಿಲ್ಲಿಸಿದರೆ ಮುಕ್ಕಾಲು ತಾಸು ಏಳುವುದಿಲ್ಲ ಎಂಬುದೆಲ್ಲ ಬಾಯಿಪಾಠ. ಎಲ್ಲ ಕೇಳಿ, ಒಂದು ನಿಮಿಷ ಕಣ್ಣು ಮುಚ್ಚಿ, “ನಾಳೆ ಹನ್ನೊಂದೂವರಿ” ಎನ್ನುತ್ತಿದ್ದ. ಹನ್ನೊಂದೂವರೆ ಎಂದರೆ ಹನ್ನೊಂದೂವರೆಯೇ. ದಿವಾದ ಸತ್ಯಮ್ಮ, ಠಾಣೆಯ ವರ್ತಕ ನಗರದ ಕಡೆ ಏಳುವ ಬಿಲ್ಡಿಂಗುಗಳಲ್ಲಿ ಸಿಮೆಂಟು ಹೊರುವವಳು, ತನ್ನ ತಾಯಿಯ ಮಣ್ಣಿಗೆ ರಾಯಚೂರು ಸೀಮೆಯ ತನ್ನ ಹಳ್ಳಿಯನ್ನು ಅವನು ಹೇಳಿದ್ದಕ್ಕಿಂತ ಐದು ನಿಮಿಷ ಮುಂಚೆಯೇ ಮುಟ್ಟಿದ್ದಳು. ಅಂದಿನಿಂದ ಅವಳಿಗೆ ಶಂಕರೆಪ್ಪನೆಂದರೆ ದೇವರ ಸಮ. ದೇವರಿಗೆ ಮೊಣಕಾಲು ನೋವಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಹೊತ್ತು ಹೇಳಿದ ಮೇಲೆ ಶಂಕರೆಪ್ಪ ತಾನೇ ಊರಿಗೆ ಫೋನ್ ಮಾಡಿ ಎರಡು ಕಟ್ಟಳೆ ವಿಧಿಸುತ್ತಿದ್ದ. ಒಂದು, ಹೇಳಿದ ಹೊತ್ತು ದಾಟಿದರೆ ಕಾಯಬೇಡಿ. ಎರಡು, ಹೊತ್ತು ಗೊತ್ತಾದ ಮೇಲೆ ಫೋನ್ ಎತ್ತಬೇಡಿ. ಇವು ಸುಮ್ಮನೆ ಹುಟ್ಟಿದ್ದಲ್ಲ. ಒಮ್ಮೆ ಉಲ್ಹಾಸನಗರದ ಒಬ್ಬ ಭೂಪ, ತಂದೆ ಸತ್ತ ಸುದ್ದಿ ತಿಳಿದು ಹೊರಟವನು, ಹಾದಿಯಲ್ಲಿ ಗೆಳೆಯರ ಜೊತೆ ಕುಡಿಯುತ್ತ ಕೂತು, “ಇಲ್ಲೇ ಕ್ರಾಸಿಗೆ ಬಂದೇನಿ” ಎಂದು ತಾಸಿಗೊಮ್ಮೆ ಫೋನ್ ಮಾಡಿ ಊರನ್ನು ಒಂದೂವರೆ ದಿನ ಕಾಯಿಸಿದ್ದ. ಕಡೆಗೆ ಆ ಹಿರಿಯನನ್ನು ಮೂಗು ಮುಚ್ಚಿಕೊಂಡು ಹೊರಬೇಕಾಯಿತು. ಇಂಥ ಅಪಮಾನ ಯಾವ ಹೆಣಕ್ಕೂ ಬೇಡ ಎಂದು ಶಂಕರೆಪ್ಪ ಅಂದೇ ನಿಶ್ಚಯಿಸಿದ. “ಹಾದಿಯಾಗಿರೋರು ಸುಳ್ಳು ಹೇಳ್ತಾರ” ಎಂಬುದು ಅವನ ಮಾತು. ಅದು ಐದಾರು ತಾಲೂಕುಗಳಲ್ಲಿ ಗಾದೆಯಂತೆ ಹಬ್ಬಿತ್ತು.

ಇತ್ತೀಚೆಗೆ ಅವನಿಗೆ ಸಾಕಾಗಿತ್ತು. ಮುಂಜಾನೆ ಫೋನ್ ಸದ್ದಾದರೆ ಗೋಡೆಯ ಕಡೆ ಹೊರಳಿಕೊಳ್ಳುತ್ತಿದ್ದ. ಯಾರದೋ ಅಪ್ಪ, ಯಾರದೋ ಹೆಂಡತಿ, ಯಾರದೋ ಹಾಲುಗಲ್ಲದ ಮಗ. ಹೆಸರು ಕೇಳಿ ಕೇಳಿ ಮನಸ್ಸು ಜಡ್ಡುಗಟ್ಟಿತ್ತು. “ಇದನ್ನ ಬಿಟ್ಟಬಿಡ್ರಿ” ಎಂದು ಹೆಂಡತಿ ನೀಲಗಂಗಾ ಹೇಳುತ್ತಲೇ ಇದ್ದಳು. ಬಿಡುತ್ತೇನೆ ಎನ್ನುತ್ತಿದ್ದ. ಫೋನ್ ಬಂದರೆ ಮತ್ತೆ ಎತ್ತುತ್ತಿದ್ದ. ಊರಿನ ಹೆಣಕ್ಕೆಲ್ಲ ಹೆಗಲು ಕೊಟ್ಟರೂ ಯಾವ ಹೆಣದ ಮುಖವನ್ನೂ ನೋಡದ ಕೆಲಸ ಅದು. ಯಾವುದನ್ನೂ ನೋಡದಿದ್ದುದರಿಂದಲೇ ಅಷ್ಟು ವರ್ಷ ಮಾಡಲು ಸಾಧ್ಯವಾಯಿತೋ ಏನೋ.

ಮೇ ತಿಂಗಳ ಒಂದು ಮಂಗಳವಾರ ಬೆಳಗಿನ ಆರಕ್ಕೆ ಐದು ನಿಮಿಷ ಇರುವಾಗ ಫೋನ್ ಬಂತು. ಮಾತಾಡಿದವನು ಅಕ್ಕನ ಮಗ ಭೀಮು.

“ಮಾವಾ, ಅವ್ವ ಹ್ವಾದಳ್ರೀ. ಈಗ ಅರ್ಧ ತಾಸಾತು. ನೀರು ಕೇಳಿದಳು, ಕುಡಿದಳು, ಮಲಗಿದಳು.”

ಅಕ್ಕನೆಂದರೆ ಶಾವಂತ್ರೆವ್ವ. ಹುನಗುಂದದ ಆಚೆ ಗೋನಾಳಗಟ್ಟಿಯಲ್ಲಿ ಮಗ ಸೊಸೆಯ ಜೊತೆ ಇದ್ದಳು. ಶಂಕರೆಪ್ಪನಿಗಿಂತ ಒಂಬತ್ತು ವರ್ಷಕ್ಕೆ ಹಿರಿಯಳು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಲ್ಲಿಂದ ಮುಂದೆ ಅವನ ಮೂಗು ಒರೆಸಿದವಳೂ, ಬೆನ್ನಿಗೆ ಗುದ್ದಿದವಳೂ, ಹೊಟ್ಟೆಗೆ ಹಾಕಿದವಳೂ ಅವಳೇ. ಅವನು ಮುಂಬಯಿಗೆ ಹೊರಟ ದಿನ ಬಸ್ಸಿನ ಕಿಟಕಿಯಲ್ಲಿ ರೊಟ್ಟಿಯ ಗಂಟು ಕೊಟ್ಟು, “ಎಷ್ಟು ತಾಸಿನ ಹಾದಿಯಪ್ಪಾ ಅದು?” ಎಂದು ಕೇಳಿದ್ದಳು. ಆಮೇಲೆ ನಲವತ್ತೈದು ವರ್ಷ, ಅವನು ಊರಿಗೆ ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು. ಹದಿನಾಲ್ಕು ತಾಸು ಎಂದರೆ ಹಣೆ ಬಡಿದುಕೊಂಡು, “ಇರಲಿ, ಹದಿನಾಲ್ಕಲ್ಲ ನಲವತ್ತು ತಾಸಾಗಲಿ, ನೀ ಬರೂತನಕ ನನ್ನ ಮಣ್ಣಿಗಿಡಬ್ಯಾಡಂತ ಭೀಮೂಗ ಹೇಳೇನಿ. ನಿನ್ನ ಕೈಯಾನ ಸೀರಿ ಹೊತ್ತಕೊಂಡ ನಾ ಹೋಗಾಕಿ” ಎನ್ನುತ್ತಿದ್ದಳು.

ಹೆಣ್ಣುಮಗಳು ಸತ್ತರೆ ಕಡೆಯ ಸೀರೆ ತವರಿನದು. ಗಂಡನ ಮನೆಯವರು ರೇಷ್ಮೆಯನ್ನೇ ಹೊದಿಸಲಿ, ಅದರ ಮೇಲೆ ತವರಿನ ಸೀರೆ ಬೀಳದೆ ಅವಳ ಋಣ ಮುಗಿಯುವುದಿಲ್ಲ. ಶಾವಂತ್ರೆವ್ವನಿಗೆ ತವರೆಂದರೆ ಶಂಕರೆಪ್ಪನೊಬ್ಬನೇ. ಬರುವ ನಾಗರ ಪಂಚಮಿಗೆ ಕಳಿಸಬೇಕೆಂದು ನೀಲಗಂಗಾ ಮುಂಚೆಯೇ ತಂದಿಟ್ಟ ಇಳಕಲ್ ಸೀರೆಯೊಂದು ಕಪಾಟಿನಲ್ಲಿತ್ತು. ದಾಳಿಂಬೆ ಬಣ್ಣದ್ದು. ನೀಲಗಂಗಾ ಅದನ್ನು ತೆಗೆದು ಹಾಸಿಗೆಯ ಮೇಲಿಟ್ಟು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ಶಂಕರೆಪ್ಪನ ತಲೆ ತನ್ನ ಹಳೆಯ ಹಾದಿಯಲ್ಲಿ ತಾನೇ ಓಡಿತು. ಸಂಜೆಯ ಬಸ್ಸು, ನಾಳೆ ಬೆಳಿಗ್ಗೆ ಎಂಟಕ್ಕೆ ಊರು, ಹತ್ತಕ್ಕೆ ಮಣ್ಣು. ಇಷ್ಟು ಹೇಳಿಬಿಟ್ಟಿದ್ದರೆ ಆಗಿತ್ತು. ಅಷ್ಟರಲ್ಲಿ ಸೊಸೆ ಪ್ರಾಜಕ್ತಾ ಒಳಗಿಂದ ಬಂದಳು. ಮಗ ಸ್ವಪ್ನಿಲ್ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ಅವಳು ಮರಾಠಿಯವಳು, ಮಾವನನ್ನು ಬಾಬಾ ಎನ್ನುತ್ತಾಳೆ. ಒಳ್ಳೆಯ ಹುಡುಗಿ, ಚುರುಕು. ಫೋನಿನಲ್ಲಿ ಆಗಲೇ ನೋಡಿಯಾಗಿತ್ತು.

“ಬಾಬಾ, ಬಸ್ ಕಶಾಲಾ, ಬಸ್ ಯಾಕೆ? ಹುಬ್ಬಳ್ಳಿಗೆ ಫ್ಲೈಟ್ ಇದೆ. ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ನಾನೂರ ಎಪ್ಪತ್ತು ಕಿಲೋಮೀಟರ್. ಫಕ್ತ ಏಕ ತಾಸ ವೀಸ ಮಿನಿಟ.”

ಒಂದು ತಾಸು ಇಪ್ಪತ್ತು ನಿಮಿಷ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಟಿಗೆ ಸ್ಲೋ ಲೋಕಲ್ಲಿನಲ್ಲೇ ಹೆಚ್ಚುಕಡಿಮೆ ಅಷ್ಟು ಹಿಡಿಯುತ್ತದೆ. ಹತ್ತಿರದ ನವಿ ಮುಂಬಯಿಯ ಹೊಸ ಏರ್‌ಪೋರ್ಟಿನಿಂದ ಅಂದಿನ ವಿಮಾನದ ಹೊತ್ತು ಹೊಂದಲಿಲ್ಲ. ಅಂಧೇರಿ ಕಡೆಯ ಹಳೆಯದರಿಂದ ಹನ್ನೊಂದು ಇಪ್ಪತ್ತೈದಕ್ಕೆ ಒಂದು ಸೀಟು ಉಳಿದಿತ್ತು. ಪ್ರಾಜಕ್ತಾ ಅವನು ಹೂಂ ಅನ್ನುವ ಮೊದಲೇ ಅದನ್ನು ಹಿಡಿದಳು, ಹುಬ್ಬಳ್ಳಿಯಲ್ಲಿ ಕಾರನ್ನೂ ಹೇಳಿದಳು. ಶಂಕರೆಪ್ಪ ಹುಟ್ಟಿದಾರಭ್ಯ ವಿಮಾನ ಹತ್ತಿದವನಲ್ಲ. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಅಷ್ಟು ದುಃಖದಲ್ಲೂ ಅವನಿಗೆ ಒಂದು ಕೂದಲೆಳೆಯಷ್ಟು ಹೆಮ್ಮೆಯಾಯಿತು. ಹದಿನಾಲ್ಕು ತಾಸು ಎಂದು ಹಣೆ ಬಡಿದುಕೊಳ್ಳುತ್ತಿದ್ದ ಅಕ್ಕನ ಹತ್ತಿರ ಒಂದು ತಾಸಿನಲ್ಲಿ ಹಾರಿ ಹೋಗುತ್ತೇನೆ ಎನಿಸಿತು.

ಭೀಮು ಮತ್ತೆ ಫೋನ್ ಮಾಡಿದ. “ಮಾವಾ, ಮಣ್ಣು ಎಷ್ಟಕ್ಕ ಇಟ್ಕೊಳ್ಳೂಣ್ರಿ?”

“ವಿಮಾನಕ್ಕ ಬರಾಕತ್ತೇನಿ ಭೀಮು.”

“ಹೌದೇನ್ರೀ.” ಭೀಮು ಪಕ್ಕದಲ್ಲಿದ್ದವರಿಗೆ ವಿಮಾನ ಎಂದು ಹೇಳಿದ್ದು ಕೇಳಿಸಿತು.

ಶಂಕರೆಪ್ಪ ಕಣ್ಣು ಮುಚ್ಚಿದ. ಹನ್ನೆರಡು ನಲವತ್ತೈದಕ್ಕೆ ಹುಬ್ಬಳ್ಳಿ. ಅಲ್ಲಿಂದ ಕಾರಿಗೆ ಮೂರು ತಾಸು. ಮೂರು ನಲವತ್ತೈದು. “ನಾಲ್ಕಕ್ಕ ಇಟ್ಕೋ” ಎಂದ. ರೈಲಿನ ತಡ ಗೊತ್ತಿದ್ದವನು, ಬಸ್ಸಿನವನ ಊಟದ ಹೊತ್ತು ಗೊತ್ತಿದ್ದವನು, ವಿಮಾನಕ್ಕೆ ಒಂದು ನಿಮಿಷದ ತಡವನ್ನೂ ಹಿಡಿಯಲಿಲ್ಲ. ಮೊಬೈಲಿನ ಗಾಜಿನ ಮೇಲೆ ಅಚ್ಚುಕಟ್ಟಾಗಿ ಬರೆದದ್ದನ್ನು ಹಾಗೆಯೇ ನಂಬಿದ. ಊರಿಗೆಲ್ಲ ಹೊಸ್ತಿಲು ಕೇಳಿದವನು ತನ್ನ ಹೊಸ್ತಿಲನ್ನು ಮರೆತ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಏಳೂಕಾಲಿಗೆ ಹೊರಟ ಟ್ಯಾಕ್ಸಿ ಶಿಳಫಾಟಾದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಶಂಕರೆಪ್ಪ ತೊಡೆಯ ಮೇಲೆ ಸೀರೆಯ ಚೀಲ ಇಟ್ಟುಕೊಂಡು ಕೂತಿದ್ದ. ಐರೋಲಿ ಸೇತುವೆ ಏರುವಾಗ ಒಂಬತ್ತು, ಪವಯಿ ದಾಟುವಾಗ ಹತ್ತಕ್ಕೆ ಹತ್ತು ನಿಮಿಷ. ಏರ್‌ಪೋರ್ಟಿನ ಬಾಗಿಲಲ್ಲಿ ಆಧಾರ್ ಕಾರ್ಡು, ಒಳಗೆ ಸಾಲು, ಆ ಸಾಲು ಮುಗಿದರೆ ಇನ್ನೊಂದು ಸಾಲು. ಬೆಲ್ಟು ಬಿಚ್ಚಿಸಿದರು, ಚಪ್ಪಲಿ ಬಿಚ್ಚಿಸಿದರು. ಸೀರೆಯ ಮಡಿಕೆಯಲ್ಲಿ ನೀಲಗಂಗಾ ಇಟ್ಟ ವಿಭೂತಿ ಗಟ್ಟಿಯನ್ನು ಹೊರಗೆ ತೆಗೆಸಿ, ಮೂಸಿ, ಇದೇನು ಎಂದು ಹಿಂದಿಯಲ್ಲಿ ಕೇಳಿದರು. “ಬಹನ್ ಮರ್ ಗಯಿ”, ಅಕ್ಕ ತೀರಿಕೊಂಡಳು ಎಂದ. ಸಿಬ್ಬಂದಿಯವಳು ಗಟ್ಟಿಯನ್ನು ಮಡಿಕೆಯೊಳಗೆ ಇಟ್ಟು, ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಗೇಟಿಗೆ ಬಂದಾಗ ಹನ್ನೊಂದು. ಹಲಗೆಯ ಮೇಲೆ ವಿಮಾನದ ಹೊತ್ತು ಬದಲಾಗಿತ್ತು: ಹನ್ನೊಂದು ನಲವತ್ತು. ಹದಿನೈದು ನಿಮಿಷ ತಾನೆ ಎಂದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಹನ್ನೊಂದು ಐವತ್ತೈದಾಯಿತು. ಆಗ ಭೀಮುವಿಗೆ ಫೋನ್ ಮಾಡಬೇಕಿತ್ತು. ಮೊಬೈಲು ಕೈಯಲ್ಲೇ ಇತ್ತು. ಆದರೆ ಏನಂತ ಹೇಳುವುದು? ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿದ ಹೊತ್ತನ್ನು ಬದಲಿಸದವನು, ಈಗ ಹಾದಿಯಲ್ಲಿ ನಿಂತು ಅಕ್ಕನ ಮಣ್ಣಿಗೇ ಬದಲಿಸುವುದೇ? ಮೇಲೆ ಹೋದ ಮೇಲೆ ಜೋರಾಗಿ ಹಾರಿಸುತ್ತಾರೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಕ್ಕದಲ್ಲಿ ಕೂತಿದ್ದ ಹುಡುಗಿ ಅವನ ಮುಖ ನೋಡಿ ನೀರಿನ ಬಾಟಲಿ ಚಾಚಿದಳು. ಬೇಡವೆಂದು ಕೈಯಾಡಿಸಿದ.

ವಿಮಾನ ನೆಲ ಬಿಟ್ಟದ್ದು ಹನ್ನೆರಡೂ ಇಪ್ಪತ್ತಕ್ಕೆ. ಕಿಟಕಿಯ ಸೀಟು ಸಿಕ್ಕಿತ್ತು. ಕೆಳಗೆ ಖಾಡಿಯ ಉಪ್ಪುನೀರು, ಬಿಲ್ಡಿಂಗುಗಳ ತುದಿ, ಆಮೇಲೆ ಗುಡ್ಡ, ಆಮೇಲೆ ಬರೀ ಬಿಳುಪು. ಇದನ್ನೆಲ್ಲ ಅಕ್ಕನಿಗೆ ಹೇಳಬೇಕು ಎಂದು ಮನಸ್ಸಿಗೆ ಬಂತು. ಬೆಳಗಿನಿಂದ ತಾಸು ಎಣಿಸುವುದರಲ್ಲಿ ಅಳುವುದನ್ನೇ ಮರೆತಿದ್ದ. ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಅತ್ತ.

ಅತ್ತು ಹಗುರಾದ ಮೇಲೆ ತಲೆ ತಿಳಿಯಾಯಿತು, ತಿಳಿಯಾದದ್ದೇ ತಪ್ಪು ಕಣ್ಣ ಮುಂದೆ ಬಂತು. ಈ ವಿಮಾನದಲ್ಲಿ ಅವನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಶಂಕರೆಪ್ಪ ಏನು ಲೆಕ್ಕ ಹೇಳುತ್ತಿದ್ದ? ಮನೆಯಿಂದ ಏರ್‌ಪೋರ್ಟಿಗೆ ಮೂರು ತಾಸು, ಅಲ್ಲಿ ಕೂರುವುದು ಎರಡು, ಹಾರುವುದು ಒಂದೂಕಾಲು, ಇಳಿದು ಹೊರಗೆ ಬಂದು ಕಾರು ಹುಡುಕುವುದು ಮುಕ್ಕಾಲು, ಆಮೇಲೆ ಬಾಗಲಕೋಟೆಯ ಮೇಲೆ ಹುನಗುಂದ, ಕೆಟ್ಟ ರಸ್ತೆ, ಮೂರೂವರೆ. ಏನಿಲ್ಲೆಂದರೂ ಹತ್ತೂವರೆ ತಾಸು. ಹೊರಟದ್ದು ಏಳೂಕಾಲಿಗೆ. ಮುಟ್ಟುವುದು ಆರರ ಸುಮಾರಿಗೆ. ನಾಲ್ಕಕ್ಕೆ ಎಂದು ಹೇಳಿ ಬಂದಿದ್ದ.

ವಿಮಾನ ಹಾರಿದ್ದು ಒಂದು ತಾಸು ಹನ್ನೆರಡು ನಿಮಿಷ. ಅದು ಸುಳ್ಳು ಹೇಳಲಿಲ್ಲ. ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಎಂದಿತ್ತು, ಅಷ್ಟನ್ನು ನಡೆಸಿಕೊಟ್ಟಿತು. ಮನೆಯಿಂದ ಮಣ್ಣಿಗೆ ಎಂದು ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದವನೇ ಭೀಮುವಿಗೆ ಫೋನ್ ಹಚ್ಚಿದ. ಗಂಟೆ ಬಾರಿಸಿತು, ಎತ್ತಲಿಲ್ಲ. ಮತ್ತೆ ಹಚ್ಚಿದ, ಎತ್ತಲಿಲ್ಲ. ಭೀಮುವಿನ ಹೆಂಡತಿ ಉಮಾವತಿಗೆ ಹಚ್ಚಿದ, ಅವಳೂ ಎತ್ತಲಿಲ್ಲ. ನಾಲ್ಕನೇ ಸಲಕ್ಕೆ ಶಂಕರೆಪ್ಪನಿಗೆ ಕಾರಣ ಹೊಳೆಯಿತು. ಹೊಳೆದ ಮೇಲೆ ಏರ್‌ಪೋರ್ಟಿನ ಹೊರಗಿನ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟ. ಹೊತ್ತು ಗೊತ್ತಾದ ಮೇಲೆ ಫೋನ್ ಎತ್ತಬೇಡಿ. ಗೋನಾಳಗಟ್ಟಿಯ ಎಷ್ಟು ಮನೆಗೆ ಅವನೇ ಇದನ್ನು ಹೇಳಿದ್ದ, ಎಷ್ಟು ಸಲ ಹೇಳಿದ್ದ. ಭೀಮು ಮಾತು ಕೇಳುವ ಹುಡುಗ.

ಕಾರು ಬಂದದ್ದು ಎರಡೂಕಾಲಿಗೆ. ಡ್ರೈವರ್ ಮಧ್ಯವಯಸ್ಸಿನವನು, ಸಮಾಧಾನಿ. “ಎಷ್ಟೊತ್ತಿಗೆ ಮುಟ್ಟತೀವಿ?” ಎಂದು ಶಂಕರೆಪ್ಪ ಕೇಳಿದ. ತಾನು ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿದ್ದು ಅದೇ ಮೊದಲು.

“ಏನ್ ಮಹಾ ದೂರರೀ ಯಜಮಾನ್ರ, ಹಿಂಗ್ ಹೋಗಿಬಿಡೂಣು” ಎಂದ ಡ್ರೈವರ್.

ನವಲಗುಂದ ದಾಟಿತು, ನರಗುಂದ ದಾಟಿತು. ಶಂಕರೆಪ್ಪ ಹತ್ತು ನಿಮಿಷಕ್ಕೊಮ್ಮೆ ಫೋನ್ ಹಚ್ಚುತ್ತಲೇ ಇದ್ದ. ಹೊರಗೆ ಕರೀ ಹೊಲ ಬಾಯಿಬಿಟ್ಟು ಮಲಗಿತ್ತು. ಮೂರೂವರೆಗೆ ಭಜನೆಯವರು ಎದ್ದಿರುತ್ತಾರೆ. ನಾಲ್ಕಕ್ಕೆ ಅಯ್ಯನವರು ಬಂದು ಅಕ್ಕನ ತಲೆಯ ಮೇಲೆ ಪಾದ ಇಟ್ಟಿರುತ್ತಾರೆ. ಎಲ್ಲವೂ ಅವನಿಗೆ ಗೊತ್ತಿತ್ತು. ನೂರಾರು ಮಣ್ಣಿನ ಹೊತ್ತನ್ನು ಕೂತಲ್ಲಿಂದ ನಡೆಸಿದವನಿಗೆ ಯಾವ ಗಳಿಗೆಗೆ ಏನು ನಡೆಯುತ್ತದೆ ಎಂದು ಗೊತ್ತಿರುವುದಿಲ್ಲವೇ? ನಾಲ್ಕು ಹೊಡೆದಾಗ ಕಾರು ಇನ್ನೂ ಬಾಗಲಕೋಟೆಯ ಈಚೆ ಇತ್ತು. ಸೀರೆಯ ಚೀಲವನ್ನು ಎದೆಗೆ ಅವುಚಿಕೊಂಡ. ಐದು ನಿಮಿಷ ಕಾದಿದ್ದರೆ ಹತ್ತು ನಿಮಿಷ ಕಾದಾರು, ಹತ್ತು ಕಾದರೆ ಅರ್ಧ ತಾಸು ಕಾದಾರು ಎಂದು ಮನಸ್ಸು ಬೇಡುತ್ತಿತ್ತು. ಊರೂರಿಗೆ ಅವನು ಹೇಳಿದ್ದ ಕಟ್ಟಳೆಯನ್ನು ಯಾರಾದರೂ ಒಬ್ಬರು ಮುರಿಯಲಿ ಎಂದು ಮೊದಲ ಸಲ ಬೇಡಿಕೊಂಡ.

ಐದೂ ನಲವತ್ತಕ್ಕೆ ಕಾರು ಗೋನಾಳಗಟ್ಟಿಯ ಹಳ್ಳದ ಹತ್ತಿರ ಬಂತು. ಎದುರಿಗೆ ಮಂದಿ ಬರುತ್ತಿದ್ದರು. ಎಲ್ಲರ ತಲೆ ತೊಯ್ದಿತ್ತು, ಧೋತರ ಮೈಗೆ ಅಂಟಿತ್ತು. ಮಣ್ಣು ಮುಗಿಸಿ ಮಿಂದು ಬರುವವರನ್ನು ಗುರುತಿಸಲು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಶಂಕರೆಪ್ಪ ಕಾರು ನಿಲ್ಲಿಸಲು ಹೇಳಿದ.

ಭೀಮು ಗುಂಪಿನಿಂದ ಓಡಿ ಬಂದ. ಮಾವನನ್ನು ತಬ್ಬಿಕೊಂಡು ಅತ್ತ. ಅಳು ನಿಂತ ಮೇಲೆ ನಿಧಾನವಾಗಿ ಹೇಳಿದ.

“ನಾಲ್ಕರ ಮ್ಯಾಲ ಕಾಲು ತಾಸು ತಡದೇನ್ರೀ ಮಾವಾ. ಊರ ದೈವದ ಹಿರ್ಯಾರು ಅಂದ್ರು, ಶಂಕರೆಪ್ಪ ಹೇಳಿದ ಹೊತ್ತಿಗೆ ಬರಲಿಲ್ಲ ಅಂದ್ರ ಏನೋ ಆಗೈತಿ, ಬರಾಂಗಿಲ್ಲ. ಅಂವ ಹೊತ್ತು ತಪ್ಪಾಂವ ಅಲ್ಲ. ಎತ್ತರಿ ಅಂದ್ರು.”

“ಫೋನು...”

“ಗ್ವಾಡಿ ಮಾಡದಾಗ ಇಟ್ಟಿದ್ನಿ. ನೀವ ಹೇಳಿದ್ರಲ್ಲ, ಎತ್ತಬಾರದಂತ.” ಭೀಮು ಮುಖ ಒರೆಸಿಕೊಂಡ. “ಬಸ್ಸಿಗೆ ಬರತೇನಿ ಅಂದಿದ್ರ ಇಳಕಲ್ಲಿಂದ ಐಸಿನ ಪೆಟಿಗಿ ತರಸ್ತಿದ್ವಿ ಮಾವಾ. ಮುಂಜಾನೆ ಗಾಡಿ ಹೊಂಟು ನಿಂತಿತ್ತು. ವಿಮಾನಕ್ಕ ಅಂದ್ರಿ. ಬ್ಯಾಡಂತ ನಾನ ತರಬಿದ್ನಿ.”

ಹುಡುಗ ತಪ್ಪು ಹೊರಿಸುತ್ತಿರಲಿಲ್ಲ, ಆದದ್ದನ್ನು ಹೇಳುತ್ತಿದ್ದ. ಶಂಕರೆಪ್ಪನಿಗೆ ಅದೇ ತಾಳಲಾರದಾಯಿತು. ಬೈದಿದ್ದರೆ ಚೆನ್ನಾಗಿತ್ತು. ಬಸ್ಸು ಹಿಡಿದಿದ್ದರೆ ಅಕ್ಕ ಈಗ ಪಡಸಾಲೆಯಲ್ಲೇ ಇರುತ್ತಿದ್ದಳು, ಹಣೆತುಂಬ ವಿಭೂತಿ ಧರಿಸಿ, ಇಡೀ ರಾತ್ರಿ ಭಜನೆ ಕೇಳುತ್ತ, ತಮ್ಮನ ಹಾದಿ ನೋಡುತ್ತ. ಹದಿನಾಲ್ಕು ತಾಸಿನವನಿಗೆ ಕಾಯುತ್ತಿದ್ದ ಊರು ಒಂದು ತಾಸಿನವನಿಗೆ ಕಾಯಲಿಲ್ಲ. ಅದರಲ್ಲಿ ಊರಿನ ತಪ್ಪೇನಿದೆ?

ಹೊಲದ ಮೂಲೆಯಲ್ಲಿ ಹಸಿ ಮಣ್ಣಿನ ದಿಬ್ಬದ ಮೇಲೆ ಬಿಲ್ವಪತ್ರೆ ಆಗಲೇ ಬಾಡಿತ್ತು. ಶಂಕರೆಪ್ಪ ಸೀರೆಯ ಮಡಿಕೆ ಬಿಚ್ಚಿ ದಿಬ್ಬದ ಮೇಲೆ ಹೊದಿಸಿದ. ಗಾಳಿಗೆ ಅದು ಸರಿಯಿತು. ಉಮಾವತಿ ನಾಲ್ಕು ಕಲ್ಲು ಆಯ್ದು ತಂದು ನಾಲ್ಕು ಮೂಲೆಗೆ ಇಟ್ಟಳು. “ಯವ್ವಾ, ಒಂದೂವರಿ ತಾಸಿಗೆ ತಪ್ಪಿತು” ಎಂದು ಶಂಕರೆಪ್ಪ ಮಣ್ಣಿಗೆ ಹೇಳಿದ. ಸತ್ತವರ ಮುಖ ನೋಡದೆ ಹೇಳುವ ಮಾತು ಎಲ್ಲಿಗೂ ಮುಟ್ಟುವುದಿಲ್ಲ ಎಂದು ಅವನಿಗೆ ಆಗ ತಿಳಿಯಿತು.

ಡೊಂಬಿವಲಿಗೆ ಅವನು ಬಸ್ಸಿನಲ್ಲೇ ಮರಳಿದ. ಮೂರು ಮಾಳಿಗೆ ಹತ್ತಲು ಎರಡು ಕಡೆ ನಿಂತ. ಪ್ರಾಜಕ್ತಾ ಅವನ ಮುಂದೆ ಬಂದು ನಿಂತು ಕೈ ಮುಗಿದಳು. “ನಿನ್ನದೇನೂ ಇಲ್ಲವ್ವಾ. ನೀ ಏರ್‌ಪೋರ್ಟಿಂದು ಹೇಳಿದಿ, ಸರೀನ ಹೇಳಿದಿ” ಎಂದ. ಆಮೇಲೆ ಒಂದು ತಿಂಗಳು ಫೋನ್ ಬಂದರೆ ನೀಲಗಂಗಾ ಎತ್ತಿ, “ಅವರಿಗೆ ಆರಾಮಿಲ್ಲ” ಎನ್ನುತ್ತಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ. ಮಳೆ ಶುರುವಾಯಿತು. ಶಂಕರೆಪ್ಪ ಕಿಟಕಿಯ ಬಳಿ ಕೂತು ಲೋಕಲ್ಲುಗಳ ಸದ್ದು ಕೇಳುತ್ತ ದಿನ ದೂಡಿದ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ನೀಲಗಂಗಾ ಸ್ನಾನಕ್ಕೆ ಹೋಗಿದ್ದಳು. ಶಂಕರೆಪ್ಪ ಬಾರಿಸಲು ಬಿಟ್ಟ. ನಿಂತಿತು, ಮತ್ತೆ ಬಾರಿಸಿತು. ಎತ್ತದ ಫೋನಿನ ಆಚೆ ಕೂತವರಿಗೆ ಏನಾಗುತ್ತದೆ ಎಂಬುದು ಈಗ ಅವನಿಗೆ ಗೊತ್ತಿತ್ತು. ಎತ್ತಿದ.

ದಿವಾದ ಸತ್ಯಮ್ಮ. “ಅಣ್ಣಾ, ನನ್ನ ತಮ್ಮ ಮಾಪಣ್ಣ ಹ್ವಾದನ್ರೀ ಊರಾಗ. ನಸಿಕಿನ್ಯಾಗ. ನನ್ನ ಮಗ ಗುರುನಾಥ ವಿಮಾನದ ತಿಕೀಟು ತಗದಾನ. ಹೊಸಾ ಏರ್‌ಪೋರ್ಟಿನಿಂದ ಹೈದ್ರಾಬಾದಿಗಿ. ಒಂದೂಕಾಲ ತಾಸಂತ. ಊರಾಗ ಎರಡಕ್ಕ ಮಣ್ಣು ಇಟಗೋರಿ ಅಂತ ಹೇಳ್ಲೇನ್ರೀ?”

ಶಂಕರೆಪ್ಪ ಕಣ್ಣು ಮುಚ್ಚಿದ. ದಿವಾದ ಓಣಿಯಿಂದ ರಸ್ತೆಗೆ, ಅಲ್ಲಿಂದ ನವಿ ಮುಂಬಯಿ, ಸಾಲು, ಇನ್ನೊಂದು ಸಾಲು, ಹಾರಾಟ, ಹೈದರಾಬಾದು, ರಾಯಚೂರು, ಕ್ರಾಸಿನಿಂದ ಹಳ್ಳಿ, ಮಳೆಗೆ ತುಂಬಿದ ಹಳ್ಳ. ಹನ್ನೊಂದು ತಾಸು. ಸಂಜೆ ಆರು. ಆರಕ್ಕೆ ಮಣ್ಣು ಎಂದು ಹೇಳಬಹುದಿತ್ತು. ಮೊದಲಿನ ಶಂಕರೆಪ್ಪ ಆಗಿದ್ದರೆ ಹಾಗೆಯೇ ಹೇಳುತ್ತಿದ್ದ.

“ಸತ್ಯವ್ವಾ, ನೀ ವಿಮಾನಕ್ಕ ಹೋಗು. ಆದ್ರ ಊರಿಗೆ ವಿಮಾನಂತ ಹೇಳಬ್ಯಾಡ. ಬಸ್ಸಿಗೆ ಬರಾಕತ್ತೇನಿ, ನಾಳೆ ಮುಂಜಾನೆ ಹತ್ತಕ್ಕ ಮಣ್ಣು ಅಂತ ಹೇಳು. ಐಸಿನ ಪೆಟಿಗಿ ತರಸಾಕ ಹೇಳು.”

“ಸುಳ್ಳು ಹೇಳ್ಲೇನ್ರೀ ಅಣ್ಣಾ? ಹಾದಿಯಾಗಿರೋರು ಸುಳ್ಳು ಹೇಳ್ತಾರ ಅಂತ ಬೈಯಾವ್ರು ನೀವ...”

“ಹೇಳು. ಮತ್ತ, ಫೋನು ಕೈಯಾಗ ಇಟಗೊಂಡಿರ್ರಿ ಅಂತ ಹೇಳು. ಯಾರ ಹಚ್ಚಿದರೂ ಎತ್ತರಿ ಅಂತ ಹೇಳು.”

ಅಂದು ಇಡೀ ದಿನ ಅವನು ಕಿಟಕಿ ಬಿಟ್ಟು ಏಳಲಿಲ್ಲ. ಈಗ ಏರ್‌ಪೋರ್ಟು, ಈಗ ಮೇಲೆ, ಈಗ ರಾಯಚೂರು ಎಂದು ಮನಸ್ಸಿನಲ್ಲೇ ಅವಳ ಜೊತೆ ನಡೆದ. ಆರೂ ಇಪ್ಪತ್ತಕ್ಕೆ ಫೋನ್ ಬಂತು. ಹಿಂದೆ ತಾಳದ ಸದ್ದು, ತಂಬೂರಿ, ಹೆಂಗಸರ ಅಳು.

“ಮುಟ್ಟಿದ್ನಿ ಅಣ್ಣಾ” ಎಂದಳು ಸತ್ಯಮ್ಮ. “ಬಸ್ಸಿಗೆ ಅಂದಾಕಿ ಈಗ ಹ್ಯಾಂಗ ಬಂದಿ ಅಂತ ಎಲ್ಲಾರೂ ಕೇಳಾಕತ್ತಾರ. ತಮ್ಮನ ಮಗ್ಗಲದಾಗ ಕುಂತೇನಿ. ಮಲಗಿದಂಗ ಐತಿ ಮಾರಿ.”

“ಕುಂಡ್ರವ್ವಾ” ಎಂದ ಶಂಕರೆಪ್ಪ. “ಮುಂಜಾನೆತನಕ ಯಾರೂ ಎತ್ತಾಂಗಿಲ್ಲ. ನೋಡ್ಕೋತ ಕುಂಡ್ರು.”

ಅವಳು ಫೋನ್ ಇಡುವುದನ್ನು ಮರೆತಳು. ಅವನೂ ಕಟ್ ಮಾಡಲಿಲ್ಲ. ಅವಳ ತಮ್ಮನ ಭಜನೆಯನ್ನು ಕಿವಿಗೆ ಹಿಡಿದುಕೊಂಡು, ತನ್ನ ಅಕ್ಕನನ್ನು ನೆನೆದು ಕೂತ.